ಬಾಯೊಳಗಿನ ಹುಣ್ಣಿಗೆ ಕನ್ನಡಿ

ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎಂದು ನಮ್ಮ ಹಿರಿಯರು ಕೇಳಿದರು. ಕಣ್ಣೆದುರಿಗೇ ಇರುವುದನ್ನು ತೋರಿಸಲು ಬೇರೆ ಸಾಧನ ಬೇಡವೆಂಬುದು ಆ ಗಾದೆಯ ತಾತ್ಪರ್ಯ. ಆದರೆ ಹುಣ್ಣು ಕೆನ್ನೆಯ ಒಳಮೈಯಲ್ಲಿಯೋ ನಾಲಗೆಯ ಅಡಿಯಲ್ಲಿಯೋ ಇದ್ದರೆ? ಆಗ ಕನ್ನಡಿ ಬೇಕು, ಬೆಳಕು ಬೇಕು. ಎಲ್ಲಕ್ಕಿಂತ ಮಿಗಿಲಾಗಿ ನೋಡುವ ಮನಸ್ಸು ಬೇಕು. ಜನರಲ್ಲಿ ಆ ಮನಸ್ಸನ್ನು ಮೂಡಿಸುವ ಸಾಧನಗಳಲ್ಲಿ ಸಾಕ್ಷ್ಯಚಿತ್ರವೂ ಒಂದು. ಕ್ಯಾನ್ಸರಿನ ವಿಷಯದಲ್ಲಿ ನಮ್ಮ ಗಡಿನಾಡಿನವರು ಈ ಸಾಧನವನ್ನು ಹೇಗೆ ಬಳಸಿಕೊಳ್ಳಬೇಕು ಎಂಬುದನ್ನು ಈ ತಿಂಗಳು ವಾಚಕ ಬಂಧುಗಳೊಡನೆ ವಿಚಾರ ಮಾಡಬೇಕೆಂದಿದ್ದೇನೆ.

ಸಾಕ್ಷ್ಯಚಿತ್ರವು ನಮಗೆ ಹೊಸದಲ್ಲ. 1948ರಲ್ಲಿ ಭಾರತ ಸರಕಾರದ ಫಿಲ್ಮ್ಸ್ ಡಿವಿಷನ್ ಸ್ಥಾಪನೆಯಾಯಿತು. ಆ ಬಳಿಕ ಹಲವು ದಶಕಗಳ ಕಾಲ ಚಿತ್ರಮಂದಿರಗಳಲ್ಲಿ ಕಥಾಚಿತ್ರಕ್ಕೆ ಮುನ್ನ ಅದರ ವಾರ್ತಾಚಿತ್ರವನ್ನೋ ಕಿರುಚಿತ್ರವನ್ನೋ ತೋರಿಸುವುದು ಕಡ್ಡಾಯವಾಗಿತ್ತು. ಚಿತ್ರಮಂದಿರವಿಲ್ಲದ ಹಳ್ಳಿಗಳಿಗೆ ಪ್ರಚಾರ ಇಲಾಖೆಯ ವಾಹನ ಬರುತ್ತಿತ್ತು; ಶಾಲೆಯ ಅಂಗಳದಲ್ಲಿ ಬಿಳಿಯ ಪರದೆ ಕಟ್ಟಿ ಸಿಡುಬು, ಮಲೇರಿಯ, ಕುಟುಂಬ ಯೋಜನೆಗಳ ಚಿತ್ರಗಳನ್ನು ತೋರಿಸುತ್ತಿದ್ದರು. ಊರಿಗೆ ಊರೇ ಚಾಪೆ ಹಾಸಿ ಕುಳಿತು ನೋಡುತ್ತಿತ್ತು. ಆದರೆ ಸಿಡುಬು ತೊಲಗಿದ್ದು ಚಿತ್ರ ನೋಡಿದ್ದರಿಂದಲೇ ಅಲ್ಲ. ಲಸಿಕೆ ಹಾಕುವವರು ಮನೆಮನೆಗೆ ಬಂದು ತೋಳು ಹಿಡಿದು ಲಸಿಕೆ ಹಾಕಿದರು. ಆದಕಾರಣ ಅದು ತೊಲಗಿತು. ಚಿತ್ರವು ಬಾಗಿಲನ್ನು ತೆರೆಯಿಸಿತು. ಒಳಗೆ ಬರಲು ಒಬ್ಬ ಮನುಷ್ಯ ಬೇಕಾಯಿತು. ಈ ಮಾತನ್ನು ನೆನಪಿನಲ್ಲಿರಿಸಿಕೊಂಡು ಮುಂದೆ ಹೋಗೋಣ.

ನಮ್ಮ ಜಿಲ್ಲೆಯ ಮಟ್ಟಿಗೆ ಹೇಳುವುದಾದರೆ, ಸಾಕ್ಷ್ಯಚಿತ್ರಗಳ ಕಣ್ಣಿಗೆ ಕಾಸರಗೋಡಿನಷ್ಟು ಬಿದ್ದ ಗ್ರಾಮೀಣ ಪ್ರದೇಶಗಳು ವಿರಳ. ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯ ಭಾಗದಿಂದ 2000ದ ತನಕ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಎಣ್ಮಕಜೆಯ ಪಡ್ರೆ, ಸ್ವರ್ಗ ಮೊದಲಾದ ಊರುಗಳಲ್ಲಿ ಹುಟ್ಟಿನಿಂದಲೇ ಅಂಗವಿಕಲರಾದ ಮಕ್ಕಳು, ಬುದ್ಧಿ ಬೆಳೆಯದ ಮಕ್ಕಳು, ಅರ್ಬುದ ರೋಗಕ್ಕೆ ತುತ್ತಾದ ಹಿರಿಯರು ಒಂದೇ ಕೇರಿಯಲ್ಲಿ ಕಾಣಿಸತೊಡಗಿದಾಗ ಪತ್ರಕರ್ತ ಶ್ರೀ ಪಡ್ರೆಯವರು ಬರೆದರು. ಅಲ್ಲಿಯ ವೈದ್ಯ ಡಾ. ವೈ. ಎಸ್. ಮೋಹನ ಕುಮಾರ್ ಅವರು ರೋಗಿಗಳ ವಿವರಗಳನ್ನು ಬರೆದಿಟ್ಟರು; ಪೆರಿಯದ ಲೀಲಾಕುಮಾರಿ ಅಮ್ಮನವರು 1998ರಲ್ಲಿ ಹೊಸದುರ್ಗದ ನ್ಯಾಯಾಲಯದ ಮೆಟ್ಟಿಲೇರಿದರು. ಎಂ. ಎ. ರಹ್ಮಾನ್ ಅವರು ಈ ನೋವನ್ನು ಕುರಿತು ಸಾಕ್ಷ್ಯಚಿತ್ರ ತೆಗೆದರು. ಕೆ. ಆರ್. ಮನೋಜ್ ಅವರ ‘ಎ ಪೆಸ್ಟರಿಂಗ್ ಜರ್ನಿ’ ಎಂಬ 2010ರ ಚಿತ್ರವು ಕಾಸರಗೋಡಿನ ಗೇರು ತೋಟವನ್ನೂ ಪಂಜಾಬಿನ ಹತ್ತಿಯ ಹೊಲವನ್ನೂ ಒಂದೇ ಪರದೆಯ ಮೇಲೆ ತಂದಿತು. ಪಂಜಾಬಿನ ಭಟಿಂಡಾದಿಂದ ರಾಜಸ್ಥಾನದ ಬಿಕಾನೇರಿನ ಆಸ್ಪತ್ರೆಗೆ ರೋಗಿಗಳನ್ನು ಹೊತ್ತು ಸಾಗುವ ರೈಲಿಗೆ ಅಲ್ಲಿಯ ಜನ ‘ಕ್ಯಾನ್ಸರ್ ರೈಲು’ ಎಂದೇ ಹೆಸರಿಟ್ಟಿದ್ದಾರೆಂಬ ಸಂಗತಿಯನ್ನು ದೇಶದ ಬಹಳ ಮಂದಿ ಅರಿತದ್ದು ಇಂತಹ ಚಿತ್ರಗಳಿಂದ, ವರದಿಗಳಿಂದ. 2011ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ಎಂಡೋಸಲ್ಫಾನಿನ ತಯಾರಿಕೆ, ಮಾರಾಟ, ಬಳಕೆಗಳನ್ನು ದೇಶಾದ್ಯಂತ ತಡೆಯಿತು.

ಇಲ್ಲಿ ಚಿತ್ರ ಮಾಡಿದ ಉಪಕಾರವನ್ನು ಸರಿಯಾಗಿ ಅಳೆಯಬೇಕು. ಕಡತಗಳಲ್ಲಿ ಸಂಖ್ಯೆಗಳಾಗಿದ್ದವರಿಗೆ ಅದು ಮುಖ ಕೊಟ್ಟಿತು. ರಾಜಧಾನಿಯಲ್ಲಿ ಕುಳಿತವರೂ ಆ ಮುಖಗಳನ್ನು ನೋಡಬೇಕಾಯಿತು. ಆದರೂ ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂಬ ಗಾದೆಯೂ ನಮ್ಮದೇ. ಒಬ್ಬನಿಗೆ ಬಂದ ಕ್ಯಾನ್ಸರಿಗೆ ಇಂತಹುದೇ ಕಾರಣವೆಂದು ಚಿತ್ರವು ಸಾಧಿಸಿ ತೋರಿಸಲಾರದು. ಅದು ವೈದ್ಯಶಾಸ್ತ್ರದ ಕೆಲಸ. ಚಿತ್ರವು ಪ್ರಶ್ನೆಯನ್ನು ಎತ್ತುತ್ತದೆ, ಉತ್ತರ ಹುಡುಕುವವರನ್ನು ಎಬ್ಬಿಸುತ್ತದೆ.

ಆ ವಿಷವನ್ನು ಬೇರೆಯವರು ಸಿಂಪಡಿಸಿದರು. ಅದರ ಮೇಲೆ ಸಿಟ್ಟುಗೊಳ್ಳುವುದು ಸುಲಭ ಮಾತ್ರವಲ್ಲ, ನ್ಯಾಯವೂ ಹೌದು. ಆದರೆ ಯಾರೂ ಸಿಂಪಡಿಸದೆ, ನಮ್ಮ ಜಗಲಿಯ ಮೇಲೆಯೇ, ವೀಳ್ಯದ ಹರಿವಾಣದಲ್ಲಿ ಇನ್ನೊಂದು ಅಪಾಯ ಕುಳಿತಿದೆ. ಅದನ್ನು ಕುರಿತ ಚಿತ್ರವನ್ನು ನಮ್ಮ ಊರುಗಳಲ್ಲಿ ತೋರಿಸಲು ಹೆಚ್ಚಿನ ಧೈರ್ಯ ಬೇಕು.

ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಹೊಗೆಸೊಪ್ಪು ಸೇರಿದ ವೀಳ್ಯವು ಕ್ಯಾನ್ಸರ್‌ಕಾರಕವೆಂದು 1985ರಲ್ಲಿಯೇ ಪ್ರಕಟಿಸಿತು. 2004ರಲ್ಲಿ ಹೊಗೆಸೊಪ್ಪಿಲ್ಲದ ವೀಳ್ಯವೂ, ಅಡಿಕೆಯೂ ಹಾಗೆಯೇ ಎಂದು ಹೇಳಿತು. ಅದೇ ಸಂಸ್ಥೆಯ ವಿಜ್ಞಾನಿಗಳ ಲೆಕ್ಕದಂತೆ 2022ರಲ್ಲಿ ಲೋಕದಲ್ಲಿ ಬಾಯಿಯ ಕ್ಯಾನ್ಸರಿಗೆ ತುತ್ತಾದವರ ಪೈಕಿ ಸುಮಾರು 1,20,000 ಮಂದಿಗೆ ಜಗಿಯುವ ಹೊಗೆಸೊಪ್ಪು ಮತ್ತು ಅಡಿಕೆಯೇ ಕಾರಣ. ಅವರಲ್ಲಿ 83,000ಕ್ಕೂ ಮಿಕ್ಕಿದವರು ಭಾರತೀಯರು.

ಅಡಿಕೆ ನಮ್ಮ ಮನೆಗಳ ಅನ್ನ. ಅದರ ಹಣದಿಂದ ಮಕ್ಕಳು ಓದಿದ್ದಾರೆ, ಹೆಣ್ಣುಮಕ್ಕಳ ಮದುವೆಗಳಾಗಿವೆ. ಆದುದರಿಂದಲೇ ಈ ಮಾತು ಬಂದೊಡನೆ ಸಭೆಯಲ್ಲಿ ಯಾರಾದರೂ ಏಳುತ್ತಾರೆ: “ನಮ್ಮ ಅಜ್ಜ ತೊಂಬತ್ತರವರೆಗೆ ಕವಳ ಹಾಕಿದರಲ್ಲ ಮಾಸ್ಟ್ರೇ, ಅವರಿಗೇನಾಯಿತು?” ಪ್ರಶ್ನೆ ಪ್ರಾಮಾಣಿಕವಾದುದೇ. ಆದರೆ ತೊಂಬತ್ತು ದಾಟಿದ ಅಜ್ಜ ನಮ್ಮ ಕಣ್ಣೆದುರಿಗೆ ಇರುತ್ತಾರೆ. ಐವತ್ತರಲ್ಲಿ ಹೋದವರು ಜಗಲಿಯಲ್ಲಿ ಕುಳಿತು ಸಾಕ್ಷಿ ಹೇಳಲಾರರು. ಪ್ರತಿಯೊಬ್ಬನಿಗೂ ರೋಗ ಬಂದೇ ತೀರುತ್ತದೆಂದು ಯಾರೂ ಹೇಳುತ್ತಿಲ್ಲ. ಜಗಿಯದವನಿಗಿಂತ ಜಗಿಯುವವನಿಗೆ ಅಪಾಯ ಬಹಳ ಹೆಚ್ಚೆಂದು ಮಾತ್ರ ಹೇಳುತ್ತಿದ್ದಾರೆ. ದೇವರ ಮುಂದೆ, ಶುಭಕಾರ್ಯಗಳಲ್ಲಿ ವೀಳ್ಯವಿಡುವ ಸಂಪ್ರದಾಯಕ್ಕೂ, ದಿನವಿಡೀ ದವಡೆಯಲ್ಲಿ ಅದನ್ನು ಒತ್ತರಿಸಿಕೊಂಡಿರುವ ಚಟಕ್ಕೂ ಇರುವ ಅಂತರವನ್ನು ನಾವು ತಿಳಿಯಬೇಕು. ಗುಟ್ಕಾವನ್ನು ಕೇರಳವು 2012ರಲ್ಲಿ, ಕರ್ನಾಟಕವು 2013ರಲ್ಲಿ ನಿಷೇಧಿಸಿದವು. ನಿಷೇಧ ಬಂದಷ್ಟಕ್ಕೆ ಚಟ ಬಿಟ್ಟುಹೋಗುವುದಿಲ್ಲ.

ಹಾಗಾದರೆ ಚಿತ್ರವು ಇಲ್ಲಿ ಏನು ಮಾಡಬಲ್ಲದು? ಚಿತ್ರಮಂದಿರಗಳಲ್ಲಿ ಹೊಗೆಸೊಪ್ಪಿನ ವಿರುದ್ಧ ತೋರಿಸುವ ಕಿರುಚಿತ್ರಗಳು ಎಲ್ಲರಿಗೂ ಪರಿಚಿತ. ಅವುಗಳಲ್ಲಿ ಒಂದರಲ್ಲಿ ಕಾಣಿಸಿಕೊಂಡ ಮುಕೇಶ್ ಹರಾನೆ ಎಂಬ ತರುಣ ಗುಟ್ಕಾ ಜಗಿಯುತ್ತಿದ್ದವನು. 2009ರಲ್ಲಿ, 24ನೆಯ ವಯಸ್ಸಿನಲ್ಲಿ, ಬಾಯಿಯ ಕ್ಯಾನ್ಸರಿನಿಂದ ತೀರಿಕೊಂಡನು. ಅಂತಹ ನಿಜಸಂಗತಿಯನ್ನು ನೂರು ಸಲ ಕಂಡ ನಮ್ಮ ಹುಡುಗರು ಆ ಚಿತ್ರಗಳ ಧ್ವನಿಯನ್ನು ಅನುಕರಿಸಿ ನಗುತ್ತಾರೆ. ಅದು ಹುಡುಗರ ಕ್ರೌರ್ಯವಲ್ಲ. ಹೆದರಿಸಿ ಸುಮ್ಮನಾದರೆ ಹೆದರಿಕೆ ಕ್ರಮೇಣ ತಮಾಷೆಯಾಗುತ್ತದೆ. ಈಗ ಏನು ಮಾಡಬೇಕೆಂದು ಹೇಳುವವರು ಪಕ್ಕದಲ್ಲಿ ಇರಬೇಕು.

ಹಾಗೆ ಇದ್ದು ನೋಡಿದ ಪ್ರಯೋಗವೊಂದು ನಮ್ಮ ರಾಜ್ಯದಲ್ಲಿಯೇ ನಡೆದಿದೆ. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಸಂಶೋಧಕರು 1970ರ ದಶಕದ ಉತ್ತರಾರ್ಧದಲ್ಲಿ ಎರ್ನಾಕುಳಂ ಜಿಲ್ಲೆಯ ಹಳ್ಳಿಗಳಲ್ಲಿ ಹೊಗೆಸೊಪ್ಪು ಜಗಿಯುವ ಹಾಗೂ ಸೇದುವ ಸುಮಾರು 12,000 ಮಂದಿಯನ್ನು ಆರಿಸಿಕೊಂಡರು. ಅವರಿಗೆ ಚಿತ್ರ ತೋರಿಸಿದರು, ಭಿತ್ತಿಪತ್ರ ಹಚ್ಚಿದರು. ಅಷ್ಟಕ್ಕೇ ನಿಲ್ಲದೆ ವರ್ಷವರ್ಷವೂ ಮನೆಗೆ ಹೋಗಿ ಪ್ರತಿಯೊಬ್ಬರ ಬಾಯಿಯನ್ನು ಪರೀಕ್ಷಿಸಿ, ಚಟ ಬಿಡುವಂತೆ ಮುಖಾಮುಖಿಯಾಗಿ ಮಾತನಾಡಿದರು. ಅದೇ ಜಿಲ್ಲೆಯಲ್ಲಿ ಅದಕ್ಕೆ ಹಿಂದೆ ಪರೀಕ್ಷಿಸಲಾಗಿದ್ದ ಬೇರೊಂದು ಗುಂಪಿನೊಡನೆ ಹೋಲಿಸಿದಾಗ, ಚಟ ಬಿಟ್ಟವರ ಸಂಖ್ಯೆ ಗಣನೀಯವಾಗಿ ಹೆಚ್ಚಿತ್ತು. ಕ್ಯಾನ್ಸರಿಗೆ ಮುನ್ಸೂಚನೆಯಾಗುವ ಬಿಳಿಯ ಮಚ್ಚೆಗಳು ಹೊಸದಾಗಿ ಹುಟ್ಟುವುದು ಬಹಳ ಕಡಿಮೆಯಾಗಿತ್ತು.

ಮುಂದೆ 1996ರಲ್ಲಿ ತಿರುವನಂತಪುರ ಜಿಲ್ಲೆಯ 13 ಪಂಚಾಯತುಗಳಲ್ಲಿ ಇನ್ನೊಂದು ಪ್ರಯೋಗ ಆರಂಭವಾಯಿತು. ಅಲ್ಲಿ ಬಾಯಿಯನ್ನು ನೋಡಿದವರು ವೈದ್ಯರಲ್ಲ, ತರಬೇತಿ ಪಡೆದ ಸಾಮಾನ್ಯ ಪದವೀಧರರು. ಸಾಧನವೆಂದರೆ ಬೆಳಕು ಮತ್ತು ಕಣ್ಣು. 2005ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಹೊಗೆಸೊಪ್ಪು ಇಲ್ಲವೆ ಮದ್ಯದ ಅಭ್ಯಾಸವಿದ್ದವರಲ್ಲಿ ಬಾಯಿಯ ಕ್ಯಾನ್ಸರಿನಿಂದಾಗುವ ಮರಣ ಶೇಕಡಾ 34ರಷ್ಟು ತಗ್ಗಿತು. ಇಷ್ಟು ಸರಳವಾದ ಉಪಾಯದಿಂದ ಇಷ್ಟು ಜೀವಗಳು ಉಳಿಯುವುದಾದರೆ ಅದು ನಮ್ಮ ಊರಿಗೆ ಏಕೆ ಬೇಡ?

ನಮ್ಮ ಊರಿನಲ್ಲಿ ಇದನ್ನು ಮಾಡುವಾಗ ಮೊದಲು ನೋಡಬೇಕಾದುದು ಭಾಷೆ. ಇದು ಸಪ್ತ ಭಾಷೆಗಳ ಭೂಮಿ. ಆಡಳಿತದ ಭಾಷೆ ಮಲಯಾಳವಾದುದರಿಂದ ಆರೋಗ್ಯದ ಭಿತ್ತಿಪತ್ರವೂ ಚಿತ್ರವೂ ಹೆಚ್ಚಾಗಿ ಆ ಭಾಷೆಯಲ್ಲಿಯೇ ಬರುತ್ತವೆ. ಕವಳ ಹಾಕುವ ನಮ್ಮ ಅಜ್ಜಿಯಂದಿರಿಗೆ ತುಳುವೋ ಹವ್ಯಕವೋ ಕೊಂಕಣಿಯೋ ತಿಳಿಯುತ್ತದೆ. ಮಲಯಾಳದ ವೈದ್ಯಕೀಯ ಶಬ್ದಗಳು ತಿಳಿಯುವುದಿಲ್ಲ. ಆಕೆಯ ಮಾತಿನಲ್ಲಿಯೇ ಹತ್ತು ನಿಮಿಷಗಳ ಚಿತ್ರ ಬೇಕು. ಅದು ಸಿಗುವ ತನಕ, ಇದ್ದ ಚಿತ್ರದ ಧ್ವನಿಯನ್ನು ನಿಲ್ಲಿಸಿ ಊರಿನವರೊಬ್ಬರು ಪಕ್ಕದಲ್ಲಿ ನಿಂತು ವಿವರಿಸಿದರೂ ಸಾಕು. ಎರಡನೆಯದಾಗಿ, ಚಿತ್ರವು ಬೆಳೆಗಾರನನ್ನು ಅವಮಾನಿಸಬಾರದು. ಅವಮಾನಿತನಾದವನು ಕಿವಿ ಮುಚ್ಚಿಕೊಳ್ಳುತ್ತಾನೆ. ಮೂರನೆಯದಾಗಿ, ವಿಕಾರವಾದ ಗಾಯಗಳನ್ನಷ್ಟೇ ತೋರಿಸದೆ, ಬೇಗನೆ ಚಿಕಿತ್ಸೆ ಪಡೆದು ಗುಣವಾಗಿ ತೋಟದ ಕೆಲಸಕ್ಕೆ ಮರಳಿದವರನ್ನೂ ತೋರಿಸಬೇಕು. ಕ್ಯಾನ್ಸರ್ ಎಂದರೆ ಸಾವೇ ಎಂದು ನಂಬಿದವರು ಹುಣ್ಣನ್ನು ಮನೆಯವರಿಂದಲೂ ಮುಚ್ಚಿಡುತ್ತಾರೆ. ಹಾಗೆ ಕಳೆದ ಮೂರು ತಿಂಗಳುಗಳೇ ಎಷ್ಟೋ ಸಲ ಪ್ರಾಣವನ್ನು ಕಸಿದುಕೊಳ್ಳುತ್ತವೆ.

ಪರದೆಯ ಕೊರತೆ ಈಗ ಇಲ್ಲ. ಕೇರಳದ ಹೆಚ್ಚಿನ ಶಾಲೆಗಳಲ್ಲಿ ಪ್ರೊಜೆಕ್ಟರ್ ಇದೆ. ರಕ್ಷಕ-ಶಿಕ್ಷಕ ಸಂಘದ ಸಭೆಯಂದು ಅಥವಾ ಕುಟುಂಬಶ್ರೀ ಕೂಟದಂದು ಇಂತಹ ಚಿತ್ರವೊಂದನ್ನು ತೋರಿಸಬಹುದು. ಅದು ಮುಗಿದೊಡನೆ ಚಹಾ ಕುಡಿದು ಮನೆಗೆ ಹೋಗಬಾರದು. ಪಕ್ಕದ ಕೋಣೆಯಲ್ಲಿ ದಂತವೈದ್ಯರೋ ಪ್ರಾಥಮಿಕ ಆರೋಗ್ಯ ಕೇಂದ್ರದವರೋ ಟಾರ್ಚ್ ಹಿಡಿದು ಕುಳಿತಿರಬೇಕು; ಮೊದಲು ಬಾಯಿ ತೆರೆಯುವವರು ಊರಿನ ಹಿರಿಯರಾಗಿರಬೇಕು.

ಸಭೆ ನಡೆಯುವ ತನಕ ಕಾಯಬೇಕೆಂದಿಲ್ಲ. ಈ ಪುಟವನ್ನು ಓದಿದ ಬಳಿಕ ಪ್ರತಿ ಮನೆಯವರೂ ಇಷ್ಟು ಮಾಡಿ. ಕೈ ತೊಳೆದು, ಬಾಯಿ ಮುಕ್ಕಳಿಸಿ, ಕಟ್ಟಿಸಿದ ಹಲ್ಲುಗಳಿದ್ದರೆ ತೆಗೆದು, ಒಳ್ಳೆಯ ಬೆಳಕಿನಲ್ಲಿ ಕನ್ನಡಿಯ ಮುಂದೆ ನಿಲ್ಲಿ. ತುಟಿಗಳ ಒಳಭಾಗ, ಎರಡೂ ಕೆನ್ನೆಗಳ ಒಳಮೈ, ಒಸಡು, ಅಂಗಳು, ನಾಲಗೆಯ ಮೇಲ್ಭಾಗ, ಅಂಚು, ಅಡಿ, ಇವೆಲ್ಲವನ್ನೂ ನೋಡಿ. ಕಣ್ಣು ಮಂಜಾದ ಹಿರಿಯರಿಗೆ ಮೊಮ್ಮಕ್ಕಳು ಟಾರ್ಚ್ ಹಿಡಿಯಲಿ. ಉಜ್ಜಿದರೂ ಹೋಗದ ಬಿಳಿಯ ಅಥವಾ ಕೆಂಪು ಮಚ್ಚೆ, ಎರಡು ಮೂರು ವಾರ ಕಳೆದರೂ ಮಾಯದ ಹುಣ್ಣು, ಕೈಗೆ ಸಿಗುವ ಗಂಟು, ಕಾರಣವಿಲ್ಲದೆ ಸಡಿಲವಾದ ಹಲ್ಲು, ಖಾರ ತಾಳದ ಉರಿ, ಮೂರು ಬೆರಳು ಹೋಗುವಷ್ಟು ಬಾಯಿ ತೆರೆಯಲಾಗದ ಬಿಗಿತ: ಇವುಗಳಲ್ಲಿ ಒಂದು ಕಂಡರೂ ವೈದ್ಯರನ್ನು ಕಾಣಬೇಕು. ನೋವಿಲ್ಲವೆಂದು ಅಲಕ್ಷಿಸಬೇಡಿ; ಆರಂಭದಲ್ಲಿ ಅದು ಸಾಮಾನ್ಯವಾಗಿ ನೋಯುವುದಿಲ್ಲ. ಇಂತಹ ಮಚ್ಚೆಗಳೆಲ್ಲ ಕ್ಯಾನ್ಸರ್ ಅಲ್ಲ. ಯಾವುದು ಹೌದು, ಯಾವುದು ಅಲ್ಲ ಎಂಬುದನ್ನು ವೈದ್ಯರೇ ನಿರ್ಣಯಿಸಲಿ. ಮುಂದಿನ ಚಿಕಿತ್ಸೆಗೆ ದಕ್ಷಿಣದಲ್ಲಿ ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರ್, ಉತ್ತರದಲ್ಲಿ ಮಂಗಳೂರಿನ ಆಸ್ಪತ್ರೆಗಳು, ದೂರದಲ್ಲಿ 1973ರಿಂದ ನಡೆದುಬಂದ ಬೆಂಗಳೂರಿನ ಕಿದ್ವಾಯಿ ಸಂಸ್ಥೆ ಇವೆ.

ನಮ್ಮ ಊರುಗಳ ನೋವನ್ನು ಹೊರಗಿನವರಿಗೆ ತೋರಿಸಿದ ಚಿತ್ರಗಳಿಗೆ ನಾವು ಕೃತಜ್ಞರಾಗಿರೋಣ. ಇನ್ನು ಮುಂದೆ ನಮಗೆ ನಾವೇ ತೋರಿಸಿಕೊಳ್ಳುವ ಚಿತ್ರವೂ ಒಂದಿರಲಿ. ತಮ್ಮ ಊರಿನಲ್ಲಿ ಇಂತಹ ಸಭೆ ನಡೆಸಿದ ಓದುಗರು ಎಷ್ಟು ಮಂದಿ ಬಾಯಿ ತೋರಿಸಿದರು, ಯಾರು ಹಿಂಜರಿದರು, ಏಕೆ ಹಿಂಜರಿದರು ಎಂಬುದನ್ನು ಈ ಪತ್ರಿಕೆಗೆ ಬರೆದು ತಿಳಿಸಿದರೆ ಉಳಿದ ಊರಿನವರಿಗೂ ದಾರಿಯಾದೀತು.