ಮಾತು ಕೊಟ್ಟ ಹೊಲಗಳ ಲೆಕ್ಕ ಯಾರ ಬಳಿ ಇದೆ?

ನೀರಾವರಿ ಯೋಜನೆಯೊಂದು ಸಿದ್ಧವಾಗುವಾಗ ಜಮೀನು ಕಳೆದುಕೊಳ್ಳುವವರಿಗೆ ನೋಟಿಸ್ ಹೋಗುತ್ತದೆ, ಪರಿಹಾರದ ಮಾತು ನಡೆಯುತ್ತದೆ, ಒಪ್ಪದಿದ್ದರೆ ಕೋರ್ಟಿದೆ. ಆಲಮಟ್ಟಿ ಅಣೆಕಟ್ಟೆಯ ಎತ್ತರ ಹೆಚ್ಚಿದರೆ ಮುಳುಗುವ 75,563 ಎಕರೆ ಕುರಿತು ವರ್ಷಗಟ್ಟಲೆ ಹೋರಾಟ ನಡೆದು, 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಂಪುಟ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣಭೂಮಿಗೆ 30 ಲಕ್ಷ ರೂಪಾಯಿ ನಿಗದಿ ಮಾಡಿತು. ಅದು ಆಗಲೇಬೇಕಾದ ಕೆಲಸ. ಆದರೆ ಅದೇ ಯೋಜನೆಗಳಿಂದ ‘ನಿಮ್ಮ ಹೊಲಕ್ಕೆ ನೀರು ಬರುತ್ತದೆ’ ಎಂಬ ಮಾತು ಪಡೆದು ಕಾಯುತ್ತಿರುವವರಿಗೆ ಯಾವ ನೋಟಿಸೂ ಬರುವುದಿಲ್ಲ. ನಕ್ಷೆಯಲ್ಲಿ ಅಚ್ಚುಕಟ್ಟು ಎಂದು ಬಣ್ಣ ಬಳಿದ ಜಾಗ ಮಾತ್ರ ಅವರ ದಾಖಲೆ. ರಾಯಚೂರು ಜಿಲ್ಲೆಯ ಸಿಂಧನೂರು, ಮಸ್ಕಿ, ಲಿಂಗಸುಗೂರು ಭಾಗವನ್ನು ನೋಡಿದರೆ, ಯೋಜನೆಗಳು ಎಡವುವುದು ಹೆಚ್ಚಾಗಿ ಈ ಎರಡನೆಯವರ ವಿಷಯದಲ್ಲಿ ಎಂಬುದು ನನ್ನ ವಾದ.

ತುಂಗಭದ್ರಾ ಎಡದಂಡೆ ಕಾಲುವೆಯನ್ನೇ ತೆಗೆದುಕೊಳ್ಳಿ. 1945ರಲ್ಲಿ ಅಡಿಗಲ್ಲು ಹಾಕಿದ ಅಣೆಕಟ್ಟೆಯ ಉದ್ದೇಶ ಬರದಿಂದ ರಕ್ಷಣೆ. ಹೆಚ್ಚು ಹೊಲಕ್ಕೆ ಕಡಿಮೆ ನೀರು ಕೊಟ್ಟು ಜೋಳ, ಹತ್ತಿಯಂಥ ಬೆಳೆಗಳನ್ನು ಉಳಿಸಬೇಕು, ಭತ್ತ ಸ್ವಲ್ಪ ಭಾಗಕ್ಕೆ ಮಾತ್ರ ಎಂಬುದು ಕಾಗದದ ಮೇಲಿನ ಲೆಕ್ಕ. ನೆಲದ ಮೇಲೆ ಗಂಗಾವತಿ, ಕಾರಟಗಿ, ಸಿಂಧನೂರು ಸುತ್ತ ಭತ್ತದ ಸೀಮೆ ಬೆಳೆಯಿತು. ಅದರ ಬೆನ್ನಿಗೆ ರೈಸ್ ಮಿಲ್ಲು, ಸಾಲ, ಕೂಲಿ, ಮಾರುಕಟ್ಟೆ ಎಲ್ಲವೂ ಬಂದವು. ಮೇಲ್ಭಾಗದಲ್ಲಿ ಗದ್ದೆ ಹೆಚ್ಚಿದಷ್ಟೂ ಮಾನ್ವಿ, ಸಿರವಾರ, ರಾಯಚೂರು ಕಡೆಯ ಕೊನೆಭಾಗದ ರೈತರಿಗೆ ನೀರು ಕಡಿಮೆಯಾಯಿತು. ಹೂಳು ತುಂಬಿ, ಮೂಲದಲ್ಲಿ ಸುಮಾರು 133 ಟಿಎಂಸಿ ಅಡಿ ಇದ್ದ ಜಲಾಶಯದ ಸಾಮರ್ಥ್ಯ 105.788ಕ್ಕೆ ಇಳಿದಿದೆ. ಬೇಸಿಗೆ ಬೆಳೆಯ ಹೊತ್ತಿಗೆ ಈ ಭಾಗದ ಮಾತೆಲ್ಲ ‘ಗೇಜ್’, ಅಂದರೆ ಕಾಲುವೆಯ ನೀರಿನ ಮಟ್ಟದ ಸುತ್ತಲೇ: 69ನೇ ಮೈಲಿನಲ್ಲಿ ಎಷ್ಟಿದೆ, 104ನೇ ಮೈಲಿಗೆ ಎಷ್ಟು ಮುಟ್ಟಿದೆ? ಗೇಜ್ ಕುಸಿದರೆ ಕೊನೆಭಾಗದಲ್ಲಿ ರಸ್ತೆ ತಡೆ, ಕಾಲುವೆ ಮೇಲೆ ಪೊಲೀಸ್ ಕಾವಲು, ನಿಷೇಧಾಜ್ಞೆ. ಇದರಲ್ಲಿ ಭತ್ತ ಬೆಳೆಯುವವನನ್ನು ಕಳ್ಳನೆಂದು ಕರೆದು ಕೈತೊಳೆದುಕೊಳ್ಳುವುದು ಅನ್ಯಾಯ. ಎರಡು ತಲೆಮಾರಿನ ಕಾಲ ಆಡಳಿತವೇ ಕಣ್ಣೆದುರು ಬೆಳೆಯಲು ಬಿಟ್ಟ ಆರ್ಥಿಕತೆ ಅದು. ತಪ್ಪು ಇರುವುದು ಇರುವ ನೀರಿಗಿಂತ ಹೆಚ್ಚು ಹೊಲಕ್ಕೆ ಮಾತು ಕೊಟ್ಟು, ಆ ಮಾತನ್ನು ಮತ್ತೆ ಪರಿಶೀಲಿಸದೆ ಬಿಟ್ಟಿದ್ದರಲ್ಲಿ.

ಮಸ್ಕಿಯಲ್ಲಿ ನಡೆದದ್ದು ಇನ್ನೂ ಸ್ಪಷ್ಟ. ನಾರಾಯಣಪುರ ಬಲದಂಡೆಯ 5ಎ ಕಾಲುವೆಗಾಗಿ 2020ರ ಕೊನೆಯಲ್ಲಿ ಪಾಮನಕಲ್ಲೂರಿನಲ್ಲಿ ರೈತರು ಧರಣಿ ಕೂತರು. ತಿಂಗಳುಗಳು ಕಳೆದರೂ ಅವರು ಏಳಲಿಲ್ಲ. ಸರ್ಕಾರ ನಂದವಾಡಗಿ ಏತ ನೀರಾವರಿಯನ್ನು ಮುಂದಿಟ್ಟಿತು. ರೈತರು ತಾನಾಗಿ ಹರಿದು ಬರುವ ಕಾಲುವೆಯೇ ಬೇಕೆಂದರು. ಇದು ಬರೀ ಹಟವಲ್ಲ. ಮೋಟಾರು, ಕರೆಂಟು, ಪೈಪು, ದುರಸ್ತಿ ಎಲ್ಲ ಸರಿಯಿದ್ದರೆ ಮಾತ್ರ ಏತ ನೀರಾವರಿ ನೀರು ಕೊಡುತ್ತದೆ. ಒಂದು ಕೊಂಡಿ ಕಳಚಿದರೆ ಹಾನಿ ರೈತನದು. ಇತ್ತ ಆ ಕಾಲುವೆ ಕುರಿತ ಎಂಜಿನಿಯರುಗಳ ಆಕ್ಷೇಪಗಳಿಗೂ ಆಧಾರ ಇದ್ದಿರಬಹುದು. ಎರಡನ್ನೂ ಪಕ್ಕಪಕ್ಕ ಇಟ್ಟು ಎಷ್ಟು ನೀರು, ಎಷ್ಟು ಖರ್ಚು, ಯಾವ ಊರಿಗೆ ಎಂದು ಕನ್ನಡದಲ್ಲಿ ಊರ ಮುಂದೆ ವಿವರಿಸುವ ಕೆಲಸ ಧರಣಿಗೆ ಮೊದಲೇ ಆಗಬೇಕಿತ್ತು. ಹಾಗಾಗದೆ, 2021ರ ಏಪ್ರಿಲ್‌ನ ಮಸ್ಕಿ ಉಪಚುನಾವಣೆಯಲ್ಲಿ ಈ ಕಾಲುವೆ ದೊಡ್ಡ ವಿಷಯವಾಯಿತು. ಆಡಳಿತ ಪಕ್ಷ ಅಲ್ಲಿ ಸೋತಿತು. ಕಾಲುವೆಯ ತಾಂತ್ರಿಕ ಪ್ರಶ್ನೆಗೆ ಮತಪೆಟ್ಟಿಗೆಯಲ್ಲಿ ಉತ್ತರ ಹುಡುಕುವ ಸ್ಥಿತಿ ಯಾವ ಪಕ್ಷಕ್ಕೂ, ಯಾವ ರೈತನಿಗೂ ಒಳ್ಳೆಯದಲ್ಲ.

ಕಾನೂನಿನಲ್ಲೂ ಇದೇ ಕುರುಡುತನ ಇದೆ. 2013ರ ಭೂಸ್ವಾಧೀನ ಕಾಯ್ದೆ ಸಾಮಾಜಿಕ ಪರಿಣಾಮ ಅಧ್ಯಯನವನ್ನು ಕಡ್ಡಾಯ ಮಾಡಿತು. ಪರಿಸರ ಪರಿಣಾಮ ಅಧ್ಯಯನ ನಡೆಯಬೇಕಾದ ನೀರಾವರಿ ಯೋಜನೆಗಳನ್ನು ಮಾತ್ರ ಅದರಿಂದ ಹೊರಗಿಟ್ಟಿತು. ಪರಿಸರ ವಿಚಾರಣೆಯಲ್ಲಿ ಮುಳುಗುವ ಊರು, ಕಾಡು, ಮೀನಿನ ಮಾತು ಬರುತ್ತದೆ. ಕಾಲುವೆಯ ಕೊನೆಯ ತೂಬಿನ ಆಚೆ ಕಾಯುವವನ ಮಾತಿಗೆ ಅಲ್ಲಿ ಪ್ರತ್ಯೇಕ ಜಾಗವಿಲ್ಲ.

ಎಲ್ಲರನ್ನೂ ಕೇಳುತ್ತ ಕೂತರೆ ಯಾವ ಯೋಜನೆಯೂ ಮುಗಿಯುವುದಿಲ್ಲ ಎನ್ನುವವರಿದ್ದಾರೆ. ಇದೇ ಭಾಗದ ರೈಲು ಮಾರ್ಗಗಳನ್ನು ನೋಡಿ. 1997-98ರಲ್ಲಿ ಮಂಜೂರಾದ ಗಿಣಿಗೇರಾ-ಮೆಹಬೂಬ್‌ನಗರ ಮಾರ್ಗದಲ್ಲಿ ಸಿಂಧನೂರಿಗೆ ರೈಲು ಬಂದದ್ದು 2024ರಲ್ಲಿ. ಲಿಂಗಸುಗೂರಿನ ಮೇಲೆ ಹೋಗುವ ಗದಗ-ವಾಡಿ ಮಾರ್ಗ ಕುಷ್ಟಗಿ ಮುಟ್ಟಿದ್ದು 2025ರಲ್ಲಿ. ಈ ವಿಳಂಬಕ್ಕೆ ಜನರನ್ನು ಕೇಳಿದ್ದು ಕಾರಣವಲ್ಲ. ಕಂತುಕಂತಾಗಿ ಬಂದ ಹಣ, ತಡವಾದ ಭೂಸ್ವಾಧೀನ ಇವುಗಳ ಪಾಲೇ ದೊಡ್ಡದು. ಮೊದಲು ಕೇಳದೆ ಉಳಿಸಿದ ಸಮಯ ಆಮೇಲೆ ಧರಣಿ, ವ್ಯಾಜ್ಯ, ಬದಲಾದ ಅಂದಾಜುಪಟ್ಟಿಗಳಲ್ಲಿ ಹೋಗಿಯೇ ಹೋಗುತ್ತದೆ. ಇನ್ನೊಂದು ಆಕ್ಷೇಪಕ್ಕೆ ಹೆಚ್ಚು ತೂಕವಿದೆ: ನೀರೇ ಸಾಲದು ಎಂಬ ಸತ್ಯವನ್ನು ಹೇಳಿದರೆ ಗಲಾಟೆ ಏಳುತ್ತದೆ. ಏಳುತ್ತದೆ, ನಿಜ. ಆದರೆ ಬೀಜ, ಗೊಬ್ಬರಕ್ಕೆ ಸಾಲ ಮಾಡುವ ಮೊದಲೇ ‘ಇಲ್ಲ’ ಎಂದು ಕೇಳಿದ ರೈತ ಕಡಲೆಗೋ ಜೋಳಕ್ಕೋ ಹೊರಳಬಹುದು. ತೆನೆ ಕಟ್ಟುವ ಹೊತ್ತಿಗೆ ಕೇಳಿದವನಿಗೆ ದಾರಿಯೇ ಇರುವುದಿಲ್ಲ.

ಹಾಗಾಗಿ ತುಂಗಭದ್ರೆಗೆ ಪೂರಕವಾಗಿ ಪ್ರಸ್ತಾಪವಾಗಿರುವ ನವಲಿ ಸಮಾನಾಂತರ ಜಲಾಶಯವಿರಲಿ, ನಾರಾಯಣಪುರ ಬಲದಂಡೆಯ ವಿಸ್ತರಣೆಯಿರಲಿ, ಹಣ ಮಂಜೂರಾಗುವ ಮೊದಲೇ ಅಚ್ಚುಕಟ್ಟಿನ ಪ್ರತಿ ಗ್ರಾಮ ಪಂಚಾಯಿತಿಗೂ ಒಂದು ಹಾಳೆ ಮುಟ್ಟಬೇಕು: ಈ ಊರಿನ ಎಷ್ಟು ಎಕರೆಗೆ, ಯಾವ ತಿಂಗಳು, ಯಾವ ಬೆಳೆಗೆ ನೀರು, ಮಳೆ ಕಡಿಮೆಯಾದ ವರ್ಷ ಮೊದಲು ಯಾರಿಗೆ ಕಡಿತ. ಎಡದಂಡೆಯ 69 ಮತ್ತು 104ನೇ ಮೈಲಿನ ಗೇಜ್ ಪ್ರತಿದಿನ ಬೆಳಿಗ್ಗೆ ಸಾರ್ವಜನಿಕವಾಗಿ ಪ್ರಕಟವಾಗಬೇಕು. ನೀರಾವರಿ ಸಲಹಾ ಸಮಿತಿಯ ಸಭೆಯಲ್ಲಿ ಶಾಸಕರು, ಅಧಿಕಾರಿಗಳ ಜೊತೆ ಕೊನೆಭಾಗದ ರೈತರೂ ಮತಾಧಿಕಾರದೊಂದಿಗೆ ಕೂರಬೇಕು. ಇದಕ್ಕೆ ಹೊಸ ಅಣೆಕಟ್ಟೆ ಬೇಕಿಲ್ಲ. ಮುಂದಿನ ಮುಂಗಾರಿಗೆ ಮೊದಲೇ ಸರ್ಕಾರಿ ಆದೇಶ ಹೊರಡಿಸಿ ಶುರು ಮಾಡಬಹುದು.