ಹಳೆ ಮೋಟರ್: ಮೊದಲು ಪರೀಕ್ಷೆ, ಆಮೇಲೆ ವೈರಿಂಗ್

ಘಾಟಬೋರಾಳ ಮತ್ತು ಸುತ್ತಲಿನ ಊರುಗಳ ಅಕ್ಕಂದಿರೇ,

ಜೋಳದ ಕಣಕಿ, ಕಬ್ಬಿನ ಸೋಗೆಯನ್ನು ಕತ್ತರಿಸಿ ಹಾಕಿ ಎಂದು ಪ್ರತಿ ಸಲ ಹೇಳುವವನು ನಾನೇ. ಹಾಗೆ ಮಾಡಿದರೆ ದನ ಎಲೆ ತಿಂದು ದಂಟು ಬಿಡುವುದಿಲ್ಲ, ಮೇವು ಉಳಿಯುತ್ತದೆ. ನನ್ನ ಮಾತು ಕೇಳಿ ಹಲವರು ಮೇವು ಕತ್ತರಿಸುವ ಮಷಿನ್‌ಗೆ ಗುಜರಿಯ ಮೋಟರ್ ಹಚ್ಚಿಸಿದ್ದೀರಿ. ಅದಕ್ಕೇ ಈ ಎಚ್ಚರಿಕೆ ಹೇಳುವುದೂ ನನ್ನದೇ ಜವಾಬ್ದಾರಿ.

ಹಿಂದೊಮ್ಮೆ ಒಂದು ಮನೆಯಿಂದ ಕರೆ ಬಂತು. ಎಮ್ಮೆ ನೀರು ಮುಟ್ಟುತ್ತಿಲ್ಲ, ಹಾಲೂ ಇಳಿದಿದೆ. ಜ್ವರವಿಲ್ಲ, ಕೆಚ್ಚಲು ಚೆನ್ನಾಗಿದೆ, ಮೆಲುಕು ಹಾಕುತ್ತಿದೆ. ನೋಡಿದರೆ ಕಬ್ಬಿಣದ ನೀರಿನ ತೊಟ್ಟಿ ಮಷಿನ್‌ನ ಕಾಲಿಗೆ ತಾಗಿತ್ತು. ಮೋಟರ್ ಚಾಲೂ ಮಾಡಿ ಟೆಸ್ಟರ್ ಹಿಡಿದಾಗ ತೊಟ್ಟಿಯಲ್ಲಿ ಕರೆಂಟ್! ಪ್ಲಗ್ ತೆಗೆಸಿದೆವು, ಸಂಜೆ ಎಮ್ಮೆ ನೀರು ಕುಡಿಯಿತು. ಚಪ್ಪಲಿ ಹಾಕಿದ್ದ ಮನೆಯಾಕೆಗೆ ಏನೂ ತಿಳಿದಿರಲಿಲ್ಲ. ದನ ನಾಲ್ಕು ಕಾಲೂರಿ ಹಸಿ ನೆಲದಲ್ಲಿ ನಿಲ್ಲುತ್ತದೆ. ನಮಗೆ ತಿಳಿಯದಷ್ಟು ಕರೆಂಟ್ ಅದಕ್ಕೆ ತಾಗುತ್ತದೆ. ಆ ದಿನ ಎಮ್ಮೆ ಎಚ್ಚರಿಸಿತು. ಮಳೆಗಾಲದಲ್ಲಿ ಬರಿಗಾಲಲ್ಲಿ ಮುಟ್ಟಿದ್ದರೆ?

ತಗಡು ಕಿತ್ತುಹೋದ ಮೋಟರ್ ಎಷ್ಟು ವೋಲ್ಟ್, ಯಾವ ಫೇಸ್, ಎಷ್ಟು ವೇಗ ಎಂಬುದು ನೋಡಿದರೆ ತಿಳಿಯದು. ಆದರೆ ತಿಳಿಯುವ ದಾರಿ ಇದೆ. ಮೂರು ವೈರ್ ಹೊರಬಂದಿದ್ದರೆ, ಮೋಟರ್ ಕಟ್ಟುವವರು ಎರಡೆರಡು ವೈರ್ ನಡುವೆ ಓಮ್ ಅಳೆಯುತ್ತಾರೆ. ಮೂರೂ ಅಳತೆ ಸಮ ಬಂದರೆ ಸಾಮಾನ್ಯವಾಗಿ ಅದು ಮೂರು ಫೇಸಿನದು. ಮನೆಯ 230 ವೋಲ್ಟ್ ಸಾಲಿಗೆ ನೇರ ಕೊಟ್ಟರೆ ತಿರುಗದೆ ಗುಂಯ್‌ಗುಟ್ಟಿ ಸುಡುತ್ತದೆ. ಮೂರೂ ಬೇರೆಯಾಗಿ, ದೊಡ್ಡದು ಉಳಿದೆರಡರ ಮೊತ್ತವಾದರೆ ಸಿಂಗಲ್ ಫೇಸ್. ಕಡಿಮೆ ಓಮ್ ಇರುವುದು ಓಡಿಸುವ ಸುತ್ತು, ಹೆಚ್ಚಿನದು ಚಾಲೂ ಮಾಡುವ ಸುತ್ತು. ಇವೆರಡು ಅದಲುಬದಲಾದರೆ ಮೋಟರ್ ಸುಡುತ್ತದೆ. ಆಮೇಲೆ ಮೆಗ್ಗರ್‌ನಿಂದ ಸುತ್ತಿಗೂ ಮೈಗೂ ನಡುವೆ 500 ವೋಲ್ಟ್‌ನಲ್ಲಿ ನೋಡಬೇಕು. 1 ಮೆಗಾಓಮ್‌ಗಿಂತ ಕಡಿಮೆ ಬಂದರೆ ಅದು ಕೊಟ್ಟಿಗೆಗೆ ಬೇಡ. ವೇಗವನ್ನೂ ಕೇಳಿ: 1440ರ ಬದಲು 2880 ಸುತ್ತಿನ ಮೋಟರ್ ಕೂತರೆ ಬ್ಲೇಡ್ ಎರಡುಪಟ್ಟು ವೇಗವಾಗಿ ಕೈಯನ್ನೂ ಸೆರಗನ್ನೂ ಎಳೆಯುತ್ತದೆ.

‘ಇಷ್ಟು ವರ್ಷ ಏನೂ ಆಗಿಲ್ಲ ಡಾಕ್ಟರೇ’ ಎನ್ನುವವರಿದ್ದಾರೆ. ನಿಜ. ಹಳೆ ಮೋಟರ್ ಎಸೆಯಿರಿ ಎಂದು ನಾನೂ ಹೇಳುತ್ತಿಲ್ಲ. ಚೆನ್ನಾಗಿದ್ದರೆ ಅದೇ ಸಾಕು. ಆದರೆ ಮೋಟರ್ ತರುವವರು, ವೈರ್ ಹಚ್ಚುವವರು ಹೆಚ್ಚಾಗಿ ಗಂಡಸರು. ಬೆಳಿಗ್ಗೆ ಅದರ ಮುಂದೆ ನಿಂತು ಕಣಕಿ ನೂಕುವವರು ನೀವು. ಆದ್ದರಿಂದ ಪ್ರಶ್ನೆ ಕೇಳುವ ಹಕ್ಕೂ ನಿಮ್ಮದೇ. ಪರೀಕ್ಷೆ ಆಯಿತೇ? ಮೂರು ಪಿನ್ನಿನ ಪ್ಲಗ್‌ನ ಅರ್ಥಿಂಗ್ ಮೋಟರ್ ಮೈಗೆ ಸೇರಿದೆಯೇ? 30 ಮಿಲಿಆಂಪಿಯರ್‌ಗೆ ಬೀಳುವ ಆರ್‌ಸಿಸಿಬಿ ಇದೆಯೇ? ಬೆಲ್ಟಿಗೆ ಮುಚ್ಚಳವಿದೆಯೇ? ಉತ್ತರ ಸಿಗುವ ತನಕ ಸ್ವಿಚ್ ಹಾಕಬೇಡಿ.

ಕಾಲುಬಾಯಿ ಲಸಿಕೆಗೆ ಒಂದು ದಿನ ಗೊತ್ತು ಮಾಡುವಂತೆ, ಮೋಟರ್ ಪರೀಕ್ಷೆಗೂ ಒಂದು ದಿನ ಇರಲಿ. ನಿಮ್ಮ ಹಾಲು ಉತ್ಪಾದಕರ ಸಂಘದ ಮುಂದಿನ ಸಭೆಯಲ್ಲಿ ಇದನ್ನು ಎತ್ತಿ. ಮೆಗ್ಗರ್ ಇರುವ ಒಬ್ಬರು ಬಂದರೆ ಒಂದೇ ದಿನದಲ್ಲಿ ಊರಿನ ಹಲವು ಮಷಿನ್ ನೋಡಿಬಿಡಬಹುದು. ನಾನೂ ಬರುತ್ತೇನೆ.