ಹಳೆಯ ಈಸ್ಟರ್ ಎಂಬುದು ಎಷ್ಟು ಹಳೆಯದು?

ಗರಿಗಳ ಭಾನುವಾರ ಹತ್ತಿರವಾದಂತೆ ಮಂಗಳೂರಿನ ಕಥೋಲಿಕ ಮನೆಗಳಲ್ಲಿ ಒಂದು ತಕರಾರೂ ಶುರುವಾಗುತ್ತದೆ. ಹಿರಿಯರದ್ದು ಒಂದು ದೂರು, ಓದಿಕೊಂಡ ಮಕ್ಕಳದ್ದು ಇನ್ನೊಂದು. ಎರಡರ ತಳದಲ್ಲೂ ಇರುವ ಎಣಿಕೆ ಒಂದೇ: ಈಸ್ಟರಿಗೆ ಸಿದ್ಧವಾದ ಒಂದು ಅರ್ಥವಿತ್ತು, ಈಗ ಅದು ಕಳೆದುಹೋಗಿದೆ, ಇಲ್ಲವೇ ಹಳಸಿದೆ. ಆ ಎಣಿಕೆಯೇ ತಪ್ಪು ಎಂಬುದು ನನ್ನ ವಾದ. ಆಕ್ಷೇಪಗಳನ್ನು ಒಂದೊಂದಾಗಿ ನೋಡೋಣ.

1. “ಇಂದಿನ ಮಕ್ಕಳು ಹಿರಿಯರ ಈಸ್ಟರನ್ನು ಕೈಬಿಟ್ಟಿದ್ದಾರೆ.”

ಯಾವ ಹಿರಿಯರ ಈಸ್ಟರ್? ಶನಿವಾರ ರಾತ್ರಿ ಇಗರ್ಜಿಯ ದೀಪಗಳನ್ನೆಲ್ಲ ಆರಿಸಿ, ಅಂಗಳದಲ್ಲಿ ಹೊಸ ಬೆಂಕಿ ಹೊತ್ತಿಸಿ, ಅದರಿಂದ ದೊಡ್ಡ ಮೇಣದ ಬತ್ತಿ ಬೆಳಗಿಸಿ ಒಳಗೆ ತರುವ ಪಾಸ್ಖ ಜಾಗರಣೆಯನ್ನು ಎಂದೂ ಬದಲಾಗದ ಕ್ರಮವೆಂದು ನಂಬಿದವರಿದ್ದಾರೆ. ಆದರೆ 1956ಕ್ಕೆ ಮೊದಲು ಶತಮಾನಗಳ ಕಾಲ ಇದೇ ವಿಧಿ ಶನಿವಾರ ಬೆಳಿಗ್ಗೆ, ಬಿಸಿಲಿನಲ್ಲೇ ನಡೆಯುತ್ತಿತ್ತು. ಆದಿ ಕ್ರೈಸ್ತರ ಕಾಲದಂತೆ ಅದನ್ನು ಮತ್ತೆ ರಾತ್ರಿಗೆ ತಂದವರು ಪೋಪ್ ಹನ್ನೆರಡನೆಯ ಪಿಯುಸ್: 1951ರಲ್ಲಿ ಪ್ರಯೋಗವಾಗಿ, 1956ರಿಂದ ನಿಯಮವಾಗಿ. ಲ್ಯಾಟಿನ್ ಹೋಗಿ ಕೊಂಕಣಿ, ಕನ್ನಡದಲ್ಲಿ ಪೂಜೆ ಬಂದದ್ದು 1962–65ರ ಎರಡನೆಯ ವ್ಯಾಟಿಕನ್ ಮಹಾಸಭೆಯ ಫಲ. ಪವಿತ್ರ ಗುರುವಾರ ಪಾದ ತೊಳೆಯುವ ವಿಧಿಯಲ್ಲಿ ಹೆಂಗಸರಿಗೂ ಜಾಗ ಇದೆಯೆಂದು ರೋಮ್ ನಿಯಮ ತಿದ್ದಿದ್ದು 2016ರಲ್ಲಿ. ಅಜ್ಜಿ ಕಂಡದ್ದು ಒಂದು ಈಸ್ಟರ್, ಅಮ್ಮ ಕಂಡದ್ದು ಇನ್ನೊಂದು. ಮಗಳು ಮೂರನೆಯದನ್ನು ಕಂಡರೆ ಅವಳೊಬ್ಬಳನ್ನೇ ಯಾಕೆ ಬೈಯಬೇಕು?

2. “ಉಪವಾಸ ಹೋಯಿತು, ಹಬ್ಬದೂಟ ಮಾತ್ರ ಉಳಿಯಿತು.”

ಈ ದೂರಿನಲ್ಲಿ ಹುರುಳಿದೆ. ಆದರೆ ಉಪವಾಸ ಇಳಿಸಿದ್ದು ಹುಡುಗರಲ್ಲ, ರೋಮ್. 1966ರ ನಿಯಮದ ಪ್ರಕಾರ ಕಡ್ಡಾಯ ಉಪವಾಸ ಎರಡೇ ದಿನ: ಬೂದಿ ಬುಧವಾರ ಮತ್ತು ಶುಭ ಶುಕ್ರವಾರ. ಉಳಿದ ದಿನಗಳ ಉಪವಾಸವನ್ನು ಅವರವರ ಮನಸ್ಸಾಕ್ಷಿಗೆ ಬಿಡಲಾಯಿತು. ಬೇಕರಿಗಳ ಮಾರ್ಜಿಪಾನ್ ಮೊಟ್ಟೆಯನ್ನು ಬರೀ ವ್ಯಾಪಾರವೆಂದು ಹಳಿಯುವವರೂ ಒಂದು ಸಂಗತಿ ಮರೆಯುತ್ತಾರೆ. ಹಿಂದೆ ಈಸ್ಟರಿಗೆ ಮೊದಲಿನ ತಪಸ್ಸುಕಾಲದಲ್ಲಿ ಮಾಂಸದ ಜೊತೆ ಮೊಟ್ಟೆಯೂ ನಿಷಿದ್ಧವಾಗಿತ್ತು. ನಲವತ್ತು ದಿನ ಬಿಟ್ಟದ್ದು ಹಬ್ಬದ ದಿನ ಮರಳಿ ತಟ್ಟೆಗೆ ಬರುತ್ತಿತ್ತು. ಶುಕ್ರವಾರ ಗಂಜಿ–ಚಟ್ನಿ ಉಂಡವನಿಗೆ ಭಾನುವಾರದ ಸನ್ನಾಸ್ ಮತ್ತು ಹಂದಿ ಮಾಂಸದ ರುಚಿಯೇ ಬೇರೆ. ಕೊರತೆಯಿರುವುದು ಊಟದಲ್ಲಲ್ಲ, ಅದರ ಹಿಂದಿನ ಹಸಿವಿನಲ್ಲಿ. ಅದನ್ನು ಮಕ್ಕಳಿಗೆ ಕಲಿಸಬೇಕಾದವರು ಬೈಯುವವರೇ.

3. “ದಿನ ಗೊತ್ತುಮಾಡಿ ಆಚರಿಸುವುದೇ ಯಾಕೆ? ಕ್ವೇಕರರನ್ನು ನೋಡಿ.”

ಇದು ಓದಿದ ಮಕ್ಕಳ ಪ್ರಶ್ನೆ, ಗಟ್ಟಿ ಪ್ರಶ್ನೆ. 17ನೇ ಶತಮಾನದ ಇಂಗ್ಲೆಂಡಿನಲ್ಲಿ ಜಾರ್ಜ್ ಫಾಕ್ಸ್ ಮತ್ತು ಸಂಗಡಿಗರು ಹುಟ್ಟುಹಾಕಿದ ಕ್ವೇಕರ್ ಪಂಥ ಹಬ್ಬದ ದಿನಗಳನ್ನೇ ಒಪ್ಪಲಿಲ್ಲ. ಎಲ್ಲ ದಿನವೂ ದೇವರದ್ದೇ ಆದಾಗ ಒಂದನ್ನು ಮಾತ್ರ ಎತ್ತಿ ಹಿಡಿಯುವುದು ಉಳಿದವನ್ನು ಕೀಳು ಮಾಡಿದಂತೆ ಎಂಬುದು ಅವರ ನಿಲುವು. ಪುನರುತ್ಥಾನ ಬದುಕಿನಲ್ಲಿ ಕಾಣಬೇಕೇ ಹೊರತು ಪಂಚಾಂಗದಲ್ಲಲ್ಲ ಎಂಬ ಅವರ ಮಾತಿಗೆ ಗೌರವ ಸಲ್ಲಲೇಬೇಕು. ಮಧ್ಯಪ್ರದೇಶದ ಅಂದಿನ ಹೋಶಂಗಾಬಾದ್ ಬಳಿಯ ರಸೂಲಿಯಾದಲ್ಲಿ ಕೃಷಿ, ಶಿಕ್ಷಣದ ಕೆಲಸ ಮಾಡಿ ಅವರು ಅದನ್ನು ನಮ್ಮ ದೇಶದಲ್ಲೂ ತೋರಿಸಿದರು.

ಆದರೆ ಹಬ್ಬ ಬಿಟ್ಟ ಕ್ವೇಕರರೂ ವಾರದ ಮೊದಲ ದಿನ ಒಟ್ಟಾಗಿ ಮೌನವಾಗಿ ಕೂರುವುದನ್ನು ಬಿಡಲಿಲ್ಲ. ಕ್ರೈಸ್ತರು ಭಾನುವಾರ ಸೇರುವುದೇ ಪುನರುತ್ಥಾನದ ನೆನಪಿಗೆ. ಅಂದಮೇಲೆ ಅವರೂ ದಿನವನ್ನು ಪೂರ್ತಿ ಬಿಟ್ಟವರಲ್ಲ. ಮೇಲಾಗಿ, ಇಂದು ಎಷ್ಟೋ ಕ್ವೇಕರ್ ಮನೆಗಳಲ್ಲಿ ಮಕ್ಕಳು ಈಸ್ಟರ್ ಆಚರಿಸುತ್ತಾರೆ. ಇನ್ನು ನಮ್ಮವರ ವಿಷಯ: ಕುವೈತಿನಲ್ಲಿ ಭಾನುವಾರ ಕೆಲಸದ ದಿನ. ಈಸ್ಟರ್ ಬೆಳಿಗ್ಗೆ ಆಫೀಸಿಗೆ ಹೊರಡಬೇಕಾದ ಮಂಗಳೂರಿಗನಿಗೆ ಒಂದು ದಿನ ಎಲ್ಲರೂ ಕೂಡುವುದರ ಬೆಲೆ ಯಾರೂ ಹೇಳಿಕೊಡಬೇಕಾಗಿಲ್ಲ. ಪ್ರತಿದಿನವೂ ಹಬ್ಬ ಎನ್ನುವ ಮಾತು ದೊಡ್ಡದು. ಒಂದು ದಿನವನ್ನೂ ಪಾಲಿಸದವರ ಬಾಯಲ್ಲಿ ಅದು ನುಣುಚಿಕೊಳ್ಳುವ ದಾರಿ.

4. “ನಮ್ಮ ಮಣ್ಣಿನ ಹಬ್ಬ ಮೊಂತಿ, ಈಸ್ಟರ್ ಹೊರಗಿನದು.”

ಮೊಂತಿ ಹಬ್ಬ ಬೀಳುವ ಸೆಪ್ಟೆಂಬರ್ 8 ಮರಿಯಮ್ಮನ ಜನ್ಮದಿನವಾದದ್ದೂ ನಮ್ಮ ಕರಾವಳಿಯಲ್ಲಲ್ಲ, ಪೂರ್ವದ ಕ್ರೈಸ್ತರಲ್ಲಿ. ನಾವು ಅದಕ್ಕೆ ಹೊಸ ತೆನೆ ಸೇರಿಸಿ ನಮ್ಮದಾಗಿಸಿಕೊಂಡೆವು. ಈಸ್ಟರಿನ ವಾರಕ್ಕೆ ನಾವು ಕೊಟ್ಟದ್ದು ತೆಂಗಿನ ಎಳೆ ಗರಿ. ಅದನ್ನು ಮಡಚಿ ಶಿಲುಬೆ ಮಾಡಿ ಮನೆಯ ಆಲ್ತಾರಿಗೆ ಸಿಕ್ಕಿಸುತ್ತೇವೆ. ವರ್ಷ ತುಂಬಿ ಒಣಗಿದ ಗರಿಗಳನ್ನು ಸುಟ್ಟರೆ ಬೂದಿ ಬುಧವಾರ ಹಣೆಗೆ ಹಚ್ಚುವ ಬೂದಿ. ಚರಿತ್ರೆಯೂ ಇದೆ. ಟಿಪ್ಪುವಿನ ಕಾಲದಲ್ಲಿ ಕೆನರಾದ ಕಥೋಲಿಕರನ್ನು ಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದದ್ದು 1784ರ ಬೂದಿ ಬುಧವಾರ ಶುರುವಾಯಿತೆಂದು ಸಮುದಾಯದ ನೆನಪು. ಬದುಕಿ ಉಳಿದವರಿಗೆ ಬಿಡುಗಡೆ ಸಿಕ್ಕಿದ್ದು 1799ರಲ್ಲಿ. ಸೆರೆಯ ಕಾಲದಲ್ಲಿ ಕೆಡವಲಾಗಿದ್ದ ಮಂಗಳೂರಿನ ಮಿಲಾಗ್ರಿಸ್ ಇಗರ್ಜಿ ಮತ್ತೆ ಎದ್ದಿತು. ಈ ನೆನಪನ್ನು ಇಂದು ಯಾರ ಮೇಲೂ ಕೋಲಾಗಿ ಎತ್ತಬೇಕಿಲ್ಲ. ಆದರೆ ಇದನ್ನು ಹೊತ್ತ ಸಮುದಾಯಕ್ಕೆ ಪುನರುತ್ಥಾನ ಪರದೇಶದ ಸುದ್ದಿ ಎಂದರೆ ಯಾರೂ ಒಪ್ಪಲಾರರು.

ಹಾಗಾದರೆ ಕಳೆದುಹೋಗುತ್ತಿರುವುದು ಏನೂ ಇಲ್ಲವೇ? ಇದೆ. ಜಾಗರಣೆಯಲ್ಲಿ ಹಳೆ ಒಡಂಬಡಿಕೆಯಿಂದ ಏಳು ವಾಚನಗಳಿವೆ, ಸೃಷ್ಟಿಯಿಂದ ಕೆಂಪು ಸಮುದ್ರ ದಾಟುವ ಪ್ರಸಂಗದವರೆಗೂ, ಅಲ್ಲಿಂದ ಪ್ರವಾದಿಗಳವರೆಗೂ. ಹೊತ್ತಾಯಿತೆಂದು ಮೂರಕ್ಕೆ ಇಳಿಸಲು ನಿಯಮದಲ್ಲೇ ಅವಕಾಶವಿದೆ. ಆ ಅವಕಾಶ ಬೇಡುವವರಲ್ಲಿ ಹಿರಿಯರೇನೂ ಕಮ್ಮಿಯಿಲ್ಲ. ಮುಂದಿನ ಸಲ ಏಳನ್ನೂ ಇಡಿ. ಓದುವ ಕೆಲಸ ಕಥೋಲಿಕ ಯುವ ಸಂಘಟನೆ ಐಸಿವೈಎಂನ ಹುಡುಗ ಹುಡುಗಿಯರಿಗೆ ಕೊಡಿ, ಪ್ರತಿ ವಾಚನದ ಅರ್ಥವನ್ನು ಮೊದಲೇ ಅವರೊಡನೆ ಕೂತು ಬಿಡಿಸುವ ಕೆಲಸ ವಾಳೆಯ, ಅಂದರೆ ವಾರ್ಡಿನ, ಮುಖ್ಯಸ್ಥರಾದ ಗುರ್ಕಾರರು ಹೊರಲಿ. ಅಷ್ಟು ಮಾಡಿದ ಮೇಲೂ ಮಕ್ಕಳಿಗೆ ಈಸ್ಟರಿನ ಅರ್ಥ ತಿಳಿದಿಲ್ಲ ಎನ್ನುವವರಿದ್ದರೆ, ಅವರ ದೂರು ಕೇಳಲು ನಾನು ಸಿದ್ಧ.